ಸಿಮೋನ್ ವೇಯ್ ನಡೆದ ದಾರಿ: ಪ್ಯಾರಿಸ್‌ನಿಂದ ಆಶ್‌ಫರ್ಡ್‌ವರೆಗೆ

ಈ ಪ್ರವಾಸವನ್ನು ಫ್ರಾನ್ಸ್‌ನಲ್ಲಿ ಶುರುಮಾಡಿ ಇಂಗ್ಲೆಂಡಿನಲ್ಲಿ ಮುಗಿಸಬೇಕು. ಫ್ರೆಂಚ್ ತತ್ವಜ್ಞಾನಿ ಸಿಮೋನ್ ವೇಯ್ ಬದುಕು ಸಾಗಿದ್ದೂ ಅದೇ ದಿಕ್ಕಿನಲ್ಲಿ. ಇನ್ನೊಂದು ಕಾರಣ ವೀಸಾ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಫ್ರಾನ್ಸಿಗೆ ಷೆಂಗೆನ್ ವೀಸಾ, ಇಂಗ್ಲೆಂಡಿಗೆ ಬ್ರಿಟನ್ನಿನ ವೀಸಾ, ಎರಡೂ ಬೇರೆ ಬೇರೆ ಬೇಕು. ಸಿಂಗಲ್ ಎಂಟ್ರಿ ಷೆಂಗೆನ್ ವೀಸಾ ಹಿಡಿದು ಲಂಡನ್ನಿಗೆ ಹೋದರೆ ಮತ್ತೆ ಪ್ಯಾರಿಸ್‌ಗೆ ಬರುವಂತಿಲ್ಲ. ಬೆಂಗಳೂರಿಗೆ ಮರಳುವ ವಿಮಾನವನ್ನು ಲಂಡನ್ನಿನಿಂದಲೇ ಹಿಡಿಯುವಂತೆ ಟಿಕೆಟ್ ಮಾಡಿಸಿದರೆ ಈ ತೊಡಕೇ ಇರುವುದಿಲ್ಲ.

ಹೆಸರಿನ ಗೊಂದಲವನ್ನೂ ಮೊದಲೇ ಬಗೆಹರಿಸಿಕೊಳ್ಳಿ. ಪ್ಯಾರಿಸ್ ಮೆಟ್ರೊದ ನಕಾಶೆಯಲ್ಲಿ 'ಯುರೋಪ್–ಸಿಮೋನ್ ವೇಯ್' ಎಂಬ ನಿಲ್ದಾಣವಿದೆ. ಅದು ಫ್ರಾನ್ಸ್‌ನ ಸಚಿವೆಯಾಗಿದ್ದ ಸಿಮೋನ್ ವೇಯ್ ಅವರ ಹೆಸರು. ಅವರ ಮನೆತನದ ಹೆಸರು 'ವಿ' ಅಕ್ಷರದಿಂದ ಶುರುವಾಗುತ್ತದೆ, ನಮ್ಮ ತತ್ವಜ್ಞಾನಿಯದು 'ಡಬ್ಲ್ಯೂ'ದಿಂದ. ಫ್ರೆಂಚರು ಎರಡನ್ನೂ ಒಂದೇ ರೀತಿ ಉಚ್ಚರಿಸುವುದರಿಂದ ದಾರಿ ಕೇಳುವಾಗ ಕಾಗದದಲ್ಲಿ ಬರೆದು ತೋರಿಸುವುದು ಮೇಲು. ಫ್ರಾನ್ಸ್‌ನ ಗಣ್ಯರನ್ನು ಹೂಳುವ ಪಾಂಥೆಯಾನ್‌ನಲ್ಲಿ ಸಮಾಧಿ ಇರುವುದೂ ಆ ಸಚಿವೆಯದೇ.

ಮೊದಲ ದಿನ: ಲಕ್ಸೆಂಬರ್ಗ್ ತೋಟದ ಸುತ್ತ

ಆರ್‌ಇಆರ್ ಬಿ ರೈಲಿನಲ್ಲಿ ಬಂದು ಲಕ್ಸೆಂಬರ್ಗ್ ನಿಲ್ದಾಣದಲ್ಲಿ ಇಳಿದು, ತೋಟವನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ನಡೆದರೆ ಓಗ್ಯುಸ್ತ್ ಕೋಂತ್ ಬೀದಿ ಸಿಗುತ್ತದೆ. 3ನೇ ನಂಬರಿನ ಕಟ್ಟಡದ ಮೇಲಂತಸ್ತಿನಲ್ಲಿ ವೇಯ್ ಕುಟುಂಬ 1929ರಿಂದ ವಾಸವಿತ್ತು. ಸಿಮೋನ್ ಹುಟ್ಟಿದ್ದು ಪ್ಯಾರಿಸ್‌ನಲ್ಲೇ, 1909ರ ಫೆಬ್ರವರಿ 3ರಂದು. ತಂದೆ ಬೆರ್ನಾರ್ ವೈದ್ಯ, ತಾಯಿ ಸೆಲ್ಮಾ. ಇಬ್ಬರೂ ಯಹೂದಿ ಮೂಲದವರು, ಆದರೆ ಮನೆಯಲ್ಲಿ ಯಾವ ಧರ್ಮದ ಆಚರಣೆಯೂ ಇರಲಿಲ್ಲ. ಮೂರು ವರ್ಷ ದೊಡ್ಡವನಾದ ಅಣ್ಣ ಆಂದ್ರೆ ಮುಂದೆ ಇಪ್ಪತ್ತನೇ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬನಾದ. ಸಂಸ್ಕೃತ ಬಲ್ಲವನು, 1930ರಿಂದ 1932ರವರೆಗೆ ಅಲಿಗಢದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದ. 1933ರ ಕೊನೆಯಲ್ಲಿ ದೇಶಭ್ರಷ್ಟ ರಷ್ಯನ್ ಕ್ರಾಂತಿಕಾರಿ ಟ್ರಾಟ್‌ಸ್ಕಿ ಕೆಲವು ದಿನ ತಂಗಿದ್ದು ಇದೇ ಕಟ್ಟಡದಲ್ಲಿ. ಸೋವಿಯತ್ ರಷ್ಯಾವನ್ನು ಕಾರ್ಮಿಕರ ರಾಜ್ಯ ಎನ್ನಬಹುದೇ ಎಂದು ಇಪ್ಪತ್ತನಾಲ್ಕರ ಸಿಮೋನ್ ಅವನೊಂದಿಗೆ ಜೋರಾಗಿಯೇ ವಾದಿಸಿದ್ದಳು. ಇದು ಖಾಸಗಿ ವಸತಿ ಕಟ್ಟಡ, ಒಳಗೆ ಹೋಗುವಂತಿಲ್ಲ. ಬೀದಿಯಲ್ಲಿ ನಿಂತು ನೋಡಿ ಮುಂದೆ ಹೋಗಬೇಕು.

ಅಲ್ಲಿಂದ ಪಾಂಥೆಯಾನ್ ಹಿಂದಿನ ಆನ್ರಿ ಕ್ಯಾತ್ರ್ ಶಾಲೆಗೆ ಹದಿನೈದು ನಿಮಿಷದ ನಡಿಗೆ. 1925ರಿಂದ ಮೂರು ವರ್ಷ ಆಕೆಗೆ ತತ್ವಶಾಸ್ತ್ರ ಕಲಿಸಿದ್ದು ಇಲ್ಲಿದ್ದ ಎಮಿಲ್ ಶಾರ್ತಿಯೆ. ಅಲ್ಯಾಂ ಎಂಬ ಕಾವ್ಯನಾಮವೇ ಅವರ ಖ್ಯಾತಿ. ವಿದ್ಯಾರ್ಥಿಗಳು ತೋಚಿದ್ದನ್ನು ಬರೆದು ತಂದು ಒಪ್ಪಿಸಬೇಕೆಂಬುದು ಅವರ ಪದ್ಧತಿ. ಸಿಮೋನ್‌ಳ ಬಿಗಿಯಾದ, ಒಂದು ಪದವೂ ಹೆಚ್ಚಿಲ್ಲದ ಗದ್ಯಕ್ಕೆ ಅಡಿಪಾಯ ಬಿದ್ದದ್ದು ಆ ತರಗತಿಯಲ್ಲಿ. ಪಕ್ಕದ ಉಲ್ಮ್ ಬೀದಿಯ ಎಕೋಲ್ ನಾರ್ಮಾಲ್ ಎಂಬ ಉನ್ನತ ಶಿಕ್ಷಣ ಸಂಸ್ಥೆಗೆ ಸೇರಿದ್ದು 1928ರಲ್ಲಿ. ಸೋರ್ಬಾನ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಒಮ್ಮೆ, ಮುಂದೆ ಲೇಖಕಿಯಾದ ಸಿಮೋನ್ ದ ಬೋವಾರ್ ಜೊತೆ ಮಾತಿಗೆ ಮಾತು ಬೆಳೆಯಿತು. ಜನರ ಹೊಟ್ಟೆ ತುಂಬಿಸುವ ಕ್ರಾಂತಿಯೇ ಮುಖ್ಯವೆಂದು ಈಕೆ, ಬದುಕಿಗೆ ಅರ್ಥ ಹುಡುಕುವುದು ಮುಖ್ಯವೆಂದು ಬೋವಾರ್. ನೀನು ಎಂದೂ ಹಸಿದಿಲ್ಲವೆಂಬುದು ಗೊತ್ತಾಗುತ್ತದೆ ಎಂದು ಹೇಳಿ ಸಿಮೋನ್ ಆ ಮಾತನ್ನು ಅಲ್ಲಿಗೇ ಮುಗಿಸಿದಳೆಂದು ಬೋವಾರ್ ತಾವೇ ಬರೆದಿದ್ದಾರೆ.

ರಾತ್ರಿ ಮಲಗುವ ಮುನ್ನ ಸಿಮೋನ್ ಬರೆದ 'ಕಾರ್ಖಾನೆಯ ದಿನಚರಿ'ಯ ಮೊದಲ ಪುಟಗಳನ್ನು ಓದಿಟ್ಟುಕೊಳ್ಳಿ. ಓದದೆ ಹೋದರೆ ಮರುದಿನ ಕಾಣುವುದು ಬರೀ ಬೀದಿಗಳು.

ಎರಡನೇ ದಿನ: ಲೆಕೂರ್ಬ್ ಬೀದಿ, ಬಿಯಾಂಕೂರ್

ಇಡೀ ಪ್ರವಾಸದಲ್ಲಿ ಅತಿ ಮುಖ್ಯ ದಿನ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ನೋಡಲು ಮಾತ್ರ ಏನೂ ಇಲ್ಲ.

ಮೆಟ್ರೊ 6ನೇ ಮಾರ್ಗದ ಸೆವ್ರ್–ಲೆಕೂರ್ಬ್ ನಿಲ್ದಾಣದಲ್ಲಿ ಇಳಿದರೆ ಲೆಕೂರ್ಬ್ ಬೀದಿ ಅಲ್ಲಿಂದಲೇ ಶುರು. ಎರಡು ಕಿಲೋಮೀಟರಿಗೂ ಉದ್ದದ ಬೀದಿ, ಎರಡೂ ಕಡೆ ವಸತಿ ಕಟ್ಟಡ, ಅಂಗಡಿಗಳು. ವಿದ್ಯುತ್ ಯಂತ್ರ ತಯಾರಿಸುವ ಆಲ್ಸ್ಟೋಂ ಕಂಪನಿಯ ಕಾರ್ಖಾನೆ ಈ ಬೀದಿಯಲ್ಲಿತ್ತು. ಸಿಮೋನ್ ಶಾಲಾ ಉಪಾಧ್ಯಾಯಿನಿಯ ಕೆಲಸಕ್ಕೆ ರಜೆ ಹಾಕಿ 1934ರ ಡಿಸೆಂಬರ್ 4ರಂದು ಅಲ್ಲಿ ಕೂಲಿಯಾಗಿ ಸೇರಿದಳು. ಕಂಪನಿಯ ಮುಖ್ಯಸ್ಥ ಓಗ್ಯುಸ್ತ್ ದೆತಫ್ ಎಂಬವರಿಗೆ ಮಾತ್ರ ಆಕೆ ಯಾರೆಂದು ಗೊತ್ತಿತ್ತು. ಕಾರ್ಖಾನೆಗೆ ಹತ್ತಿರವೇ ಕೋಣೆ ಹಿಡಿದಳು. ದುಡಿದದ್ದರಲ್ಲೇ ಊಟ, ಬಾಡಿಗೆ ಎಲ್ಲವೂ ಎಂದು ಹಟ ತೊಟ್ಟಳು.

ದಿನಚರಿಯಲ್ಲಿ ತತ್ವಕ್ಕಿಂತ ಲೆಕ್ಕ ಜಾಸ್ತಿ. ಯಾವ ಬಿಡಿಭಾಗ, ಎಷ್ಟು ಎಣಿಕೆ, ಎಷ್ಟು ಹೊತ್ತು, ನೂರಕ್ಕೆ ಎಷ್ಟು ದರ, ಎಷ್ಟು ಹಾಳಾಯಿತು. ಪ್ರತಿ ಕೆಲಸಕ್ಕೂ ಒಂದು ಚೀಟಿ. ಚೀಟಿಯಲ್ಲಿ ಬರೆದ ವೇಗಕ್ಕೆ ಕೈ ಓಡದಿದ್ದರೆ ಆ ಚೀಟಿ 'ಮುಳುಗಿತು', ಕೂಲಿ ಕಡಿತ. ತಪ್ಪುವುದು ಎಲ್ಲಿ ಎಂದೂ ಬರೆದಿಟ್ಟಿದ್ದಾಳೆ: ತುಂಡನ್ನು ಅಚ್ಚಿಗೆ ಸರಿಯಾಗಿ ಒತ್ತಿ ಹಿಡಿಯದಿದ್ದರೆ ಕೆಟ್ಟುಹೋಗುತ್ತದೆ, ಹಿಡಿಯುವುದಕ್ಕೆ ಗಮನ ಬೇಕು, ಆದರೆ ಗಮನವಿಟ್ಟರೆ ವೇಗ ಬೀಳುತ್ತದೆ. ಯೋಚಿಸುವುದನ್ನು ನಿಲ್ಲಿಸಿದರೆ ಮಾತ್ರ ಬದುಕಬಹುದಾದ ಜಾಗ ಅದು. ತತ್ವಶಾಸ್ತ್ರದ ಮೇಷ್ಟ್ರಿಗೆ ಇದಕ್ಕಿಂತ ಕಠಿಣ ಪಾಠ ಬೇರೊಂದಿರಲಾರದು.

ಕುಲುಮೆಯ ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ತಾಮ್ರದ ದೊಡ್ಡ ಸುರುಳಿಗಳನ್ನು ಒಳಗಿಟ್ಟು, ಕಾದ ಮೇಲೆ ಹೊರತೆಗೆದು, ಕುಲುಮೆಯ ಬಾಯಿಯ ಮುಚ್ಚಳವನ್ನು ತಕ್ಷಣ ಇಳಿಸಬೇಕು. ತಡವಾದರೆ ಉರಿ ನೇರ ಕೈಗೆ, ಮುಖಕ್ಕೆ ಹೊಡೆಯುತ್ತದೆ. ಮೊದಲ ಸಂಜೆ ಸುಟ್ಟ ಗಾಯದ ನೋವು, ದಣಿವು, ತಲೆಶೂಲೆ ಮೂರೂ ಸೇರಿ ಕೈ ಹಿಡಿತ ತಪ್ಪಿತು, ಮುಚ್ಚಳ ಇಳಿಸಲಾಗಲಿಲ್ಲ. ತಾಮ್ರದ ಕೆಲಸಗಾರನೊಬ್ಬ ಓಡಿಬಂದು ಇಳಿಸಿಕೊಟ್ಟ. ಎದುರಿಗಿದ್ದ ಬೆಸುಗೆಯವನು ಆಕೆ ಸುಟ್ಟುಕೊಂಡಾಗಲೆಲ್ಲ ಮರುಕದಿಂದ ಒಂದು ನಗೆ ಬೀರುತ್ತಿದ್ದ. ಇಷ್ಟೇ. ಆ ಎರಡು ಸಣ್ಣ ಉಪಕಾರಗಳನ್ನು ಆಕೆ ಎಂಥ ಕೃತಜ್ಞತೆಯಿಂದ ಬರೆದಿದ್ದಾಳೆಂದರೆ, ಉಳಿದ ದಿನಗಳು ಹೇಗಿದ್ದವೆಂಬುದು ಅದರಿಂದಲೇ ತಿಳಿಯುತ್ತದೆ.

ಮಧ್ಯಾಹ್ನ ತ್ರೋಕಾದೆರೊದಲ್ಲಿ 9ನೇ ಮಾರ್ಗಕ್ಕೆ ಬದಲಿಸಿ ಕೊನೆಯ ನಿಲ್ದಾಣ ಪೋಂ ದ ಸೆವ್ರ್‌ಗೆ ಬನ್ನಿ. ನದಿಯ ನಡುಗಡ್ಡೆ ಸೆಗ್ಯಾಂ ಕಾಣುತ್ತದೆ. ಇಲ್ಲಿ ರೆನೋ ಕಾರ್ಖಾನೆ 1992ರವರೆಗೆ ನಡೆಯಿತು; ಈಗ ನಡುಗಡ್ಡೆಯ ತುದಿಯಲ್ಲಿ 2017ರಲ್ಲಿ ತೆರೆದ ಸಂಗೀತ ಭವನವಿದೆ. 1935ರ ಬೇಸಿಗೆಯಲ್ಲಿ ಸಿಮೋನ್ ರೆನೋದಲ್ಲಿ ಮಿಲ್ಲಿಂಗ್ ಯಂತ್ರ ನಡೆಸುತ್ತಿದ್ದಳು. ಒಂದು ದಿನ ಬಸ್ ಹತ್ತುವಾಗ ಆಕೆಗೆ ವಿಚಿತ್ರ ಅನುಮಾನ ಬಂತು: ಗುಲಾಮಳಾದ ನಾನು ಎಲ್ಲರಂತೆ ಹನ್ನೆರಡು ಸೂ ಕೊಟ್ಟು ಈ ಬಸ್ಸಿನಲ್ಲಿ ಕೂರಬಹುದೇ? ಯಾರಾದರೂ ಇಳಿ ಎಂದಿದ್ದರೆ ಅದು ಸಹಜವೆಂದೇ ತೋರುತ್ತಿತ್ತು ಎನ್ನುತ್ತಾಳೆ.

'ಮಾಲರ್' ಎಂದು ಆಕೆ ಕರೆದ ಸಂಕಟದ ವಿಚಾರ ಹುಟ್ಟಿದ್ದು ಇಲ್ಲಿ. ಬರೀ ನೋವು ಸಂಕಟವಲ್ಲ. ಮೈಗೆ ನೋವು, ಮನಸ್ಸಿಗೆ ಕುಸಿತ, ಸಮಾಜದ ಕಣ್ಣಿನಲ್ಲಿ ಕೀಳುತನ, ಮೂರೂ ಒಟ್ಟಿಗೆ ಬಂದು ಮನುಷ್ಯ ತನ್ನನ್ನು ತಾನೇ ಹೀನವೆಂದು ಒಪ್ಪಿಕೊಳ್ಳುವಂತೆ ಮಾಡಿದಾಗ ಅದು ಸಂಕಟ. ದುಡಿಮೆಯನ್ನು ದೂರದಿಂದ ಹಾಡಿಹೊಗಳುವವರಿಗೆ ಈ ಮೂರನೆಯದು ಕಾಣುವುದೇ ಇಲ್ಲ. 1936ರ ಜೂನ್ ಮುಷ್ಕರದಲ್ಲಿ ಕಾರ್ಮಿಕರು ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗ ಆಕೆ ಮತ್ತೆ ಇಲ್ಲಿಗೆ ಬಂದು, ಅದೇ ಯಂತ್ರಗಳ ನಡುವೆ ಜನ ತಲೆಯೆತ್ತಿ ಓಡಾಡುವ ಸಂತೋಷವನ್ನು ಲೇಖನವಾಗಿ ಬರೆದಳು.

ಮೂರನೇ ದಿನ: ಸೊಲೆಮ್

ಮೋಂಪಾರ್ನಾಸ್ ನಿಲ್ದಾಣದಿಂದ ಲ ಮಾಂವರೆಗೆ ಟಿಜಿವಿ ಎಂಬ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಸಬ್ಲೆ–ಸ್ಯುರ್–ಸಾರ್ತ್‌ಗೆ ಪ್ರಾದೇಶಿಕ ರೈಲು. ಸಬ್ಲೆಯಿಂದ ಸೊಲೆಮ್ ಮಠಕ್ಕೆ ಮೂರು ಕಿಲೋಮೀಟರ್ ನಡಿಗೆ. ಮಠದ ಮುಖ್ಯ ಪೂಜೆ ಬೆಳಿಗ್ಗೆ 10ಕ್ಕೆ, ಸಂಜೆಯ ಪ್ರಾರ್ಥನೆ 5ರ ಹೊತ್ತಿಗೆ. ಪ್ಯಾರಿಸ್‌ನಿಂದ 7 ಗಂಟೆಯ ಆಸುಪಾಸಿನಲ್ಲೇ ಹೊರಡದಿದ್ದರೆ ಬೆಳಗಿನದು ತಪ್ಪುತ್ತದೆ. ಭಾನುವಾರ ರೈಲುಗಳು ಕಡಿಮೆ, ಕೊಂಡಿ ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು. ವಾರದ ನಡುವಿನ ದಿನವೇ ಒಳ್ಳೆಯದು. ಮಠದೊಳಗಿನ ಅತಿಥಿಗೃಹ ಗಂಡಸರಿಗೆ ಮಾತ್ರ, ಹೆಂಗಸರು ತಂಗುವ ಏರ್ಪಾಡನ್ನು ಹೊರಗೆ ನೋಡಿಕೊಳ್ಳಬೇಕು. ದೇಗುಲಕ್ಕೆ ಎಲ್ಲರಿಗೂ ಪ್ರವೇಶವಿದೆ.

1938ರಲ್ಲಿ ಸಿಮೋನ್ ತಾಯಿಯ ಜೊತೆ ಇಲ್ಲಿಗೆ ಬಂದು ಏಪ್ರಿಲ್ 10ರ ಗರಿಗಳ ಭಾನುವಾರದಿಂದ ಈಸ್ಟರ್ ನಂತರದ ಮಂಗಳವಾರದವರೆಗೆ ಎಲ್ಲ ಪ್ರಾರ್ಥನೆಗಳಲ್ಲೂ ಕೂತಳು. ತಲೆಶೂಲೆ ವಿಪರೀತವಾಗಿತ್ತು, ಒಂದೊಂದು ಸ್ವರವೂ ಪೆಟ್ಟಿನಂತೆ ಬೀಳುತ್ತಿತ್ತು. ಗಮನವನ್ನೆಲ್ಲ ಒಟ್ಟುಮಾಡಿ, ನರಳುವ ಮೈಯನ್ನು ಒಂದು ಮೂಲೆಯಲ್ಲಿ ಅದರ ಪಾಡಿಗೆ ಬಿಟ್ಟು, ಹಾಡಿನ ಚೆಲುವಿನಲ್ಲಿ ಶುದ್ಧ ಸಂತೋಷ ಕಂಡೆ ಎಂದು ನಾಲ್ಕು ವರ್ಷದ ನಂತರ ಪತ್ರದಲ್ಲಿ ಬರೆದಳು. ಇಲ್ಲಿ ಹಾಡುವುದು ಗ್ರೆಗೋರಿಯನ್ ಗಾಯನ: ವಾದ್ಯದ ಅಬ್ಬರವಿಲ್ಲ, ಸ್ವರಮೇಳವಿಲ್ಲ, ಎಲ್ಲ ಸನ್ಯಾಸಿಗಳದೂ ಒಂದೇ ಧಾಟಿ. ಹತ್ತೊಂಬತ್ತನೇ ಶತಮಾನದಲ್ಲಿ ಈ ಗಾಯನಕ್ಕೆ ಮರುಜೀವ ಬಂದದ್ದೇ ಈ ಮಠದಿಂದ. ಏರಿಳಿತ ಕಡಿಮೆ ಇರುವುದರಿಂದ ಮೊದಲ ಹತ್ತು ನಿಮಿಷ ಕಿವಿ ಬೇಸರಪಡುತ್ತದೆ. ಅಷ್ಟಕ್ಕೇ ಎದ್ದುಬರಬೇಡಿ, ಪೂರ್ತಿ ಕೂತಿರಿ.

ಇಲ್ಲಿ ಭೇಟಿಯಾದ ಒಬ್ಬ ಇಂಗ್ಲಿಷ್ ತರುಣನಿಂದ ಆಕೆಗೆ ಹದಿನೇಳನೇ ಶತಮಾನದ ಕವಿ ಜಾರ್ಜ್ ಹರ್ಬರ್ಟ್ ಪರಿಚಯವಾಯಿತು. ಅವನ 'ಪ್ರೀತಿ' ಎಂಬ ಕವಿತೆಯಲ್ಲಿ, ಬಾಗಿಲಲ್ಲಿ ನಿಂತ ಅತಿಥಿ ತಾನು ಯೋಗ್ಯನಲ್ಲವೆಂದು ಹಿಂಜರಿಯುತ್ತಾನೆ, ಪ್ರೀತಿ ಅವನನ್ನು ಕರೆದು ಕೂರಿಸಿ ಉಣಬಡಿಸುತ್ತದೆ. ಸಿಮೋನ್ ಅದನ್ನು ಬಾಯಿಪಾಠ ಮಾಡಿ ತಲೆಶೂಲೆ ತೀವ್ರವಾದಾಗಲೆಲ್ಲ ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳುತ್ತಿದ್ದಾಗಲೊಮ್ಮೆ ಕ್ರಿಸ್ತನೇ ಇಳಿದುಬಂದು ತನ್ನನ್ನು ವಶಪಡಿಸಿಕೊಂಡನೆಂದು ಬರೆಯುತ್ತಾಳೆ. ಅಲ್ಲಿಯವರೆಗೆ ಆಕೆ ಅನುಭಾವಿಗಳ ಗ್ರಂಥಗಳನ್ನು ಓದಿರಲೇ ಇಲ್ಲ. ಓದದೇ ಇದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಇದು ಕಲ್ಪನೆಯೇ ಎಂಬ ಅನುಮಾನ ಉಳಿಯುತ್ತಿತ್ತು ಎಂಬುದು ಆಕೆಯ ಸಮಾಧಾನ.

ನಾಲ್ಕನೇ ದಿನ: ಮಾರ್ಸೇ

ಮೊದಲು ಲ ಪ್ವಿಯ ಮಾತು. ಆಕೆ 1931ರಲ್ಲಿ ಮೊದಲ ಸಲ ಪಾಠ ಹೇಳಿದ, ನಿರುದ್ಯೋಗಿಗಳ ಜೊತೆ ಪುರಸಭೆಗೆ ಹೋಗಿ ಪತ್ರಿಕೆಗಳ ಬೈಗುಳ ತಿಂದ ಊರು. ಹೋಗಿಬರಲು ರೈಲಿನಲ್ಲೇ ಒಂದು ದಿನ ಹಿಡಿಯುತ್ತದೆ. ಬಿಡುವಿಲ್ಲದವರು ಬಿಡಬಹುದು.

ಪ್ಯಾರಿಸ್‌ನ ಗಾರ್ ದ ಲಿಯೋಂನಿಂದ ಮಾರ್ಸೇಗೆ ಟಿಜಿವಿಯಲ್ಲಿ ಮೂರು ಗಂಟೆ ಚಿಲ್ಲರೆ. ಸ್ಯಾಂ ಶಾರ್ಲ್ ನಿಲ್ದಾಣದ ಎದುರಿನ ಮೆಟ್ಟಿಲು 104. ಭಾರದ ಪೆಟ್ಟಿಗೆ ಇದ್ದರೆ ಮೆಟ್ರೊ ಹಿಡಿಯಿರಿ. ಹಳೇ ಬಂದರಿನಿಂದ 83ನೇ ನಂಬರಿನ ಬಸ್ಸು ಕತಾಲಾಂ ಕಡಲತೀರಕ್ಕೆ ಹೋಗುತ್ತದೆ. ಅಲ್ಲಿನ ಕತಾಲಾಂ ಬೀದಿಯಲ್ಲಿ, ಜರ್ಮನ್ನರು ಪ್ಯಾರಿಸ್ ಹಿಡಿದ ಮೇಲೆ ಓಡಿಬಂದ ವೇಯ್ ಕುಟುಂಬ 1940ರಿಂದ 1942ರವರೆಗೆ ವಾಸವಿತ್ತು. ಬಂದರಿನ ಪಕ್ಕದ ಕೂರ್ ಜಾಂ ಬಲ್ಲಾರ್‌ನಲ್ಲಿ 'ಕಾಯಿಯೆ ದ್ಯು ಸ್ಯೂದ್' ಪತ್ರಿಕೆಯ ಕಚೇರಿಯಿತ್ತು. ಬಲದ ಮುಂದೆ ಮನುಷ್ಯ ಹೇಗೆ ವಸ್ತುವಾಗಿಬಿಡುತ್ತಾನೆಂದು ಇಲಿಯಡ್ ಮಹಾಕಾವ್ಯದ ಮೂಲಕ ಹೇಳುವ ಆಕೆಯ ಪ್ರಬಂಧ ಅದರಲ್ಲಿ ಎಮಿಲ್ ನೋವಿ ಎಂಬ ಹೆಸರಿನಲ್ಲಿ ಬಂತು. ಆಕೆಯದೇ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿದ ಹೆಸರು ಅದು.

ಗೀತೆಯ ವಿಷಯ ಇಲ್ಲಿ ಬರಬೇಕು. ಸಿಮೋನ್ ಭಗವದ್ಗೀತೆ ಓದಿದ್ದು 1940ರ ವಸಂತದಲ್ಲಿ. ಮಾರ್ಸೇಯಲ್ಲಿ ಕವಿ ರೆನೆ ದೋಮಾಲ್ ನೆರವಿನಿಂದ ಸಂಸ್ಕೃತ ಕಲಿತಳು. ಆಕೆಯ ಟಿಪ್ಪಣಿ ಪುಸ್ತಕಗಳಲ್ಲಿ ದೇವನಾಗರಿ ಸಾಲುಗಳಿವೆ. ವರ್ಷಗಟ್ಟಲೆ ಶಾಂತಿವಾದಿಯಾಗಿದ್ದು, 1939ರಲ್ಲಿ ಹಿಟ್ಲರ್ ಪ್ರಾಗ್ ನುಂಗಿದ ಮೇಲೆ ಆ ನಿಲುವು ಬಿಟ್ಟವಳಿಗೆ ಅರ್ಜುನನ ಪ್ರಶ್ನೆ ಸ್ವಂತದ್ದಾಗಿತ್ತು: ಯುದ್ಧ ಅನಿವಾರ್ಯವಾದಾಗ ದ್ವೇಷವಿಲ್ಲದೆ, ಫಲದಾಸೆ ಇಲ್ಲದೆ ಅದರಲ್ಲಿ ಇರುವುದು ಹೇಗೆ? 'ಮಾಡದೆ ಮಾಡುವುದು' ಎಂದು ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬರುವ ಮಾತಿನ ಬೇರು ಗೀತೆಯಲ್ಲಿದೆ. ಇದನ್ನು ಹಿಡಿದು ಆಕೆ ಹಿಂದೂ ಆದಳೆನ್ನುವುದು ತಪ್ಪು. ಕ್ರಿಸ್ತನನ್ನು ಬಿಡದೆಯೇ, ಸತ್ಯ ಚರ್ಚಿನ ಗೋಡೆಯಾಚೆಗೂ ಇದೆ ಎಂದು ಆಕೆ ಹಟ ಹಿಡಿದಳು. ದೊಮಿನಿಕನ್ ಪಾದ್ರಿ ಜೋಸೆಫ್ ಮರಿ ಪೆರ‍್ಯಾಂ ಅವರೊಡನೆ 1941ರ ಜೂನ್‌ನಿಂದ ನಡೆದ ಮಾತುಕತೆಯಲ್ಲಿ ದೀಕ್ಷಾಸ್ನಾನಕ್ಕೆ ಆಕೆ ಒಲ್ಲೆ ಎಂದದ್ದೂ ಅದಕ್ಕೇ. ಚರ್ಚು ಹೊರಗಿಟ್ಟ ಎಲ್ಲದರ ಜೊತೆ ನಾನೂ ಹೊಸ್ತಿಲಲ್ಲೇ ನಿಲ್ಲುತ್ತೇನೆ ಎಂಬುದು ಆಕೆಯ ಉತ್ತರ. ಅದೇ ಸಿಮೋನ್ ಯಹೂದಿ ಧರ್ಮದ ಬಗ್ಗೆ ಮಾತ್ರ ಕಠೋರವಾಗಿ, ಅನ್ಯಾಯವೆನ್ನುವಷ್ಟು ಏಕಪಕ್ಷೀಯವಾಗಿ ಬರೆದಳು. ಆಕೆಯನ್ನು ಮೆಚ್ಚುವವರು ಇದನ್ನು ಮುಚ್ಚಿಡಬಾರದು.

ಐದನೇ ದಿನ: ಆರ್ದೆಶ್‌ನ ದ್ರಾಕ್ಷಿತೋಟಗಳು

ಆವಿನ್ಯೋಂ ಕಡೆಯಿಂದ ಪೋಂ–ಸ್ಯಾಂತ್–ಎಸ್ಪ್ರಿವರೆಗೆ 2022ರಲ್ಲಿ ಪ್ರಯಾಣಿಕರ ರೈಲು ಮತ್ತೆ ಶುರುವಾಗಿದೆ. ಅಲ್ಲಿಂದ ಸ್ಯಾಂ–ಮಾರ್ಸೆಲ್–ದಾರ್ದೆಶ್‌ಗೆ ಟ್ಯಾಕ್ಸಿಯೇ ಗತಿ, ಅದನ್ನೂ ಹಿಂದಿನ ದಿನ ಹೇಳಿಟ್ಟಿರಬೇಕು. ಮಾರ್ಸೇಯಿಂದಲೇ ಬಾಡಿಗೆ ಕಾರು ತಂದರೆ ಇನ್ನೂ ಅನುಕೂಲ.

ಯಹೂದಿಯರಿಗೆ ಶಿಕ್ಷಕ ವೃತ್ತಿಯ ಬಾಗಿಲು ಮುಚ್ಚಿದ್ದ ಕಾಲ. ಪೆರ‍್ಯಾಂ ಶಿಫಾರಸಿನಿಂದ 1941ರ ಆಗಸ್ಟ್‌ನಲ್ಲಿ ಇಲ್ಲಿನ ರೈತ, ಲೇಖಕ ಗುಸ್ತಾವ್ ತಿಬೋಂ ಮನೆಗೆ ಆಕೆ ಬಂದಳು. ಕೊಟ್ಟ ಕೋಣೆ ಹಿತವಾಗಿದೆಯೆಂದೇ ಬೇಡವೆಂದು, ರೋನ್ ನದಿ ದಡದ ಅರ್ಧ ಪಾಳುಬಿದ್ದ ಮನೆಯೊಂದಕ್ಕೆ ಹೋದಳು. ಶರತ್ಕಾಲದಲ್ಲಿ ಆರ್ದೆಶ್ ನದಿಯಾಚೆಯ ಸ್ಯಾಂ–ಜ್ಯುಲಿಯಾಂ–ದ–ಪೇರೋಲಾದಲ್ಲಿ ದಿನಕ್ಕೆ ಎಂಟು ಗಂಟೆಯಂತೆ ಒಂದು ತಿಂಗಳು ದ್ರಾಕ್ಷಿ ಕೊಯ್ದಳು. ಆ ಕೆಲಸ ಕಾಣಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಬರಬೇಕು. ಬಳ್ಳಿಗಳು ಸೊಂಟದೆತ್ತರಕ್ಕೂ ಬರುವುದಿಲ್ಲ, ದಿನವಿಡೀ ಬಗ್ಗಿಯೇ ಕೊಯ್ಯಬೇಕು.

ಆಕೆಯ ಪ್ರಾರ್ಥನೆಯ ಕ್ರಮ ರೂಪುಗೊಂಡದ್ದು ಈ ತೋಟಗಳಲ್ಲಿ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆಯನ್ನು ಗ್ರೀಕ್ ಮೂಲದಲ್ಲಿ ಬಾಯಿಪಾಠ ಮಾಡಿ, ದಿನಾ ಬೆಳಿಗ್ಗೆ ಪೂರ್ಣ ಗಮನದಿಂದ ಒಂದು ಸಲ ಹೇಳುವುದು. ನಡುವೆ ಗಮನ ಕೂದಲೆಳೆಯಷ್ಟು ಜಾರಿದರೂ, ತೂಕಡಿಕೆ ಬಂದರೂ ಮತ್ತೆ ಮೊದಲಿಂದ. ಒಂದು ಸಲ ನಿಷ್ಕಳಂಕವಾಗಿ ಮುಗಿಯುವವರೆಗೆ ಬಿಡುವಂತಿಲ್ಲ. ಬೇರೆ ಬೇಡಿಕೆಯಿಲ್ಲ, ಹರಕೆಯಿಲ್ಲ. ಗಮನವೇ ಪ್ರಾರ್ಥನೆಯ ತಿರುಳೆಂಬ ಆಕೆಯ ಸಿದ್ಧಾಂತಕ್ಕೆ ಇದೇ ಪ್ರಯೋಗಶಾಲೆ. ಮರುವರ್ಷ ಶಾಲಾಪಾಠಗಳ ಕುರಿತ ಪ್ರಬಂಧದಲ್ಲಿ ಅದನ್ನೇ ಮಕ್ಕಳಿಗೆ ಹೇಳಿದಳು: ರೇಖಾಗಣಿತದ ಲೆಕ್ಕವೊಂದರ ಮೇಲೆ ಒಂದು ಗಂಟೆ ನಿಜವಾದ ಗಮನವಿಟ್ಟೂ ಉತ್ತರ ಬರಲಿಲ್ಲವೆಂದರೆ ಆ ಗಂಟೆ ದಂಡವಲ್ಲ. ಹುಬ್ಬು ಗಂಟಿಕ್ಕಿ, ಉಸಿರು ಬಿಗಿಹಿಡಿಯುವುದು ಗಮನವಲ್ಲ, ಅದು ಸ್ನಾಯುಗಳ ಶ್ರಮ ಮಾತ್ರ. ಮನಸ್ಸನ್ನು ಖಾಲಿಯಾಗಿ, ಕಾಯುವಂತೆ ಇಡುವುದು ಗಮನ.

ಮಾರ್ಸೇ ಬಿಡುವ ಮುನ್ನ ಟಿಪ್ಪಣಿ ಪುಸ್ತಕಗಳನ್ನು ತಿಬೋಂ ಕೈಗೆ ಕೊಟ್ಟಳು. 1947ರಲ್ಲಿ ಅವರು ಹೊರತಂದ 'ಗುರುತ್ವ ಮತ್ತು ಕೃಪೆ'ಯಿಂದಲೇ ಜಗತ್ತು ಆಕೆಯನ್ನು ಅರಿತದ್ದು. ಓದುಗರು ಹೆಚ್ಚಾಗಿ ಎಡವುವುದೂ ಇಲ್ಲೇ. ಆಯ್ಕೆ, ವಿಂಗಡಣೆ, ಅಧ್ಯಾಯಗಳ ಹೆಸರು ಎಲ್ಲವೂ ತಿಬೋಂ ಮಾಡಿದ್ದು. ಆಕೆ ಪ್ರಶ್ನೆಯಾಗಿ ಬರೆದು ಮರುಪುಟದಲ್ಲಿ ತಾನೇ ಅಲುಗಾಡಿಸಿದ ಮಾತುಗಳು ಅಲ್ಲಿ ಸೂಕ್ತಿಗಳಾಗಿ ನಿಂತುಬಿಟ್ಟಿವೆ. ಪೂರ್ತಿ ಟಿಪ್ಪಣಿ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ಪುಸ್ತಕವೊಂದರಿಂದಲೇ ಆಕೆಯ ಬಗ್ಗೆ ತೀರ್ಪು ಕೊಡಬಾರದು.

ಆರನೇ ದಿನ: ಲಂಡನ್

1942ರ ಮೇ 14ರಂದು ಮಾರ್ಸೇಯಿಂದ ಹೊರಟ ಸಿಮೋನ್ ಕಾಸಾಬ್ಲಾಂಕಾ, ನ್ಯೂಯಾರ್ಕ್ ಸುತ್ತಿ ನವೆಂಬರ್ ಕೊನೆಗೆ ಇಂಗ್ಲೆಂಡ್ ಮುಟ್ಟಿದಳು. ಈಗ ಪ್ಯಾರಿಸ್‌ನ ಗಾರ್ ದ್ಯು ನಾರ್‌ನಿಂದ ಯೂರೋಸ್ಟಾರ್ ರೈಲಿಗೆ ಎರಡೂಕಾಲು ಗಂಟೆ ಸಾಕು. ಎರಡೂ ದೇಶದ ಪಾಸ್‌ಪೋರ್ಟ್ ತಪಾಸಣೆ ಪ್ಯಾರಿಸ್‌ನಲ್ಲೇ ಆಗುವುದರಿಂದ ಒಂದೂವರೆ ಗಂಟೆ ಮೊದಲೇ ಅಲ್ಲಿರಿ.

ಮೇಫೇರ್‌ನ 19, ಹಿಲ್ ಸ್ಟ್ರೀಟ್‌ನಲ್ಲಿದ್ದ ಜರ್ಮನ್ನರ ವಿರುದ್ಧ ಹೋರಾಡುತ್ತಿದ್ದ ಸ್ವತಂತ್ರ ಫ್ರಾನ್ಸ್ ಸಂಘಟನೆಯ ಕಚೇರಿಯಲ್ಲಿ ಆಕೆಗೆ ಬರವಣಿಗೆಯ ಕೆಲಸ ಕೊಟ್ಟರು. ಆಕೆ ಕೇಳಿದ್ದು ಬೇರೆ: ರಣರಂಗದ ಮುಂಚೂಣಿಯಲ್ಲೇ ಗಾಯಾಳುಗಳನ್ನು ನೋಡಿಕೊಳ್ಳುವ ದಾದಿಯರ ತಂಡ ಕಟ್ಟಬೇಕು, ತನ್ನನ್ನೂ ಅದರಲ್ಲಿ ಕಳಿಸಬೇಕು. ಯಾರೂ ಒಪ್ಪಲಿಲ್ಲ. ಆ ಕೆಲವೇ ತಿಂಗಳಲ್ಲಿ, ಮುಂದೆ ಲೇಖಕ ಕಮೂ 1949ರಲ್ಲಿ ತಮ್ಮ ಮಾಲೆಯಲ್ಲಿ ಪ್ರಕಟಿಸಿದ 'ಬೇರೂರುವಿಕೆ' ಸೇರಿದಂತೆ ನೂರಾರು ಪುಟ ಬರೆದಳು. ಹಕ್ಕಿಗಿಂತ ಮೊದಲು ಬಾಧ್ಯತೆ ಎಂಬುದು ಅದರ ಮೊದಲ ವಾಕ್ಯದ ಸಾರ. ವಾಸವಿದ್ದದ್ದು ಹಾಲೆಂಡ್ ಪಾರ್ಕ್ ಮೆಟ್ರೊ ನಿಲ್ದಾಣದ ಹತ್ತಿರದ 31, ಪೋರ್ಟ್‌ಲೆಂಡ್ ರೋಡ್‌ನಲ್ಲಿ. 1943ರ ಏಪ್ರಿಲ್ 15ರಂದು ಪ್ರಜ್ಞೆ ತಪ್ಪಿ ಬಿದ್ದಿದ್ದವಳನ್ನು ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಸೇರಿಸಿದರು. ಆಸ್ಪತ್ರೆ ಈಗಿಲ್ಲ, ಅದರ ಪ್ರಾರ್ಥನಾ ಮಂದಿರ ಮಾತ್ರ ಫಿಟ್ಜ್‌ರೋವಿಯಾ ಚಾಪೆಲ್ ಎಂಬ ಹೆಸರಿನಲ್ಲಿ ಉಳಿದಿದೆ. ದಿನವೂ ತೆರೆದಿರುವುದಿಲ್ಲ, ವಿಚಾರಿಸಿಕೊಂಡೇ ಹೋಗಿ.

ಏಳನೇ ದಿನ: ಆಶ್‌ಫರ್ಡ್

ಯೂರೋಸ್ಟಾರ್ ಈ ಊರಿನ ಮೂಲಕವೇ ಹಾದುಹೋದರೂ 2020ರಿಂದ ನಿಲ್ಲುವುದಿಲ್ಲ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಿಂದ ಹೈಸ್ಪೀಡ್ ಲೋಕಲ್ ರೈಲಿನಲ್ಲಿ ನಲವತ್ತು ನಿಮಿಷದೊಳಗೆ ತಲುಪಬಹುದು. ಇಳಿದವರು 'ಸಿಮೋನ್ ವೇಯ್ ಅವೆನ್ಯೂ' ಎಂಬ ಫಲಕ ಹಿಡಿದು ಹೋಗಿ ದಾರಿ ತಪ್ಪುತ್ತಾರೆ. ಅದು ವಾಹನಗಳ ದೊಡ್ಡ ರಸ್ತೆ, ಸಮಾಧಿ ಅಲ್ಲಿಲ್ಲ. ಹೋಗಬೇಕಾದ್ದು ಊರಿನ ಉತ್ತರಕ್ಕಿರುವ ಬೈಬ್ರೂಕ್ ಸ್ಮಶಾನಕ್ಕೆ. ನಿಲ್ದಾಣದಿಂದ ಅರ್ಧ ಗಂಟೆಗೂ ಹೆಚ್ಚಿನ ನಡಿಗೆ. ಕ್ಯಾಥೊಲಿಕರ ವಿಭಾಗದಲ್ಲಿ ನೋಡಬೇಕು.

ಗ್ರೋವ್‌ನರ್ ಕ್ಷಯರೋಗ ಆಸ್ಪತ್ರೆಗೆ ಆಗಸ್ಟ್ 17ರಂದು ಬಂದ ಸಿಮೋನ್ 24ರಂದು ತೀರಿಕೊಂಡಳು. ವಯಸ್ಸು 34. ಅಂತ್ಯಕ್ರಿಯೆ 30ರಂದು. ಬರಬೇಕಿದ್ದ ಪಾದ್ರಿಗೆ ರೈಲು ತಪ್ಪಿತು. ಅಲ್ಯಾಂ ಶಿಷ್ಯನೇ ಆಗಿದ್ದ ಹಳೆಯ ಗೆಳೆಯ ಮೋರೀಸ್ ಶೂಮಾನ್ ಪ್ರಾರ್ಥನೆ ಓದಿದರು. ಸಮಾಧಿಗೆ ಹದಿನೈದು ವರ್ಷ ಹೆಸರಿನ ಕಲ್ಲೂ ಇರಲಿಲ್ಲ. ಈಗಿರುವ ಕಲ್ಲಿನಲ್ಲಿ ಹೆಸರು, ಎರಡು ತಾರೀಖು ಬಿಟ್ಟರೆ ಏನಿಲ್ಲ. ಜೊತೆಗಿರುವ ಇನ್ನೊಂದು ಫಲಕದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಮಾತಿನ ಪರಿಚಯವಿದೆ.

ಮನಸ್ಸಿನ ಸ್ಥಿಮಿತ ತಪ್ಪಿ ಊಟ ನಿರಾಕರಿಸಿ ಪ್ರಾಣ ಕಳೆದುಕೊಂಡಳು ಎಂದು ಅಂದಿನ ಮರಣ ವಿಚಾರಣೆ ತೀರ್ಪು ಬರೆಯಿತು. ಈ ತೀರ್ಪನ್ನು ಒಪ್ಪುವ ಮುನ್ನ ಆ ಕಾಲದ ವೈದ್ಯವನ್ನು ನೆನಪಿಡಬೇಕು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೋಮೈಸಿನ್ ಪ್ರಯೋಗಾಲಯದಲ್ಲಿ ದೊರೆತದ್ದೇ 1943ರ ಅಕ್ಟೋಬರ್‌ನಲ್ಲಿ, ಆಕೆ ಸತ್ತ ಎರಡು ತಿಂಗಳ ಮೇಲೆ. ಅದಕ್ಕೆ ಮೊದಲು ವಿಶ್ರಾಂತಿ ಮತ್ತು ಪುಷ್ಟಿಕರ ಊಟವೇ ಮುಖ್ಯ ಚಿಕಿತ್ಸೆ. ಫ್ರಾನ್ಸ್‌ನಲ್ಲಿ ಜನರಿಗೆ ಸಿಗುವ ಪಡಿತರಕ್ಕಿಂತ ಹೆಚ್ಚು ಉಣ್ಣಲಾರೆ ಎಂಬ ಆಕೆಯ ನಿಯಮ ಚಿಕಿತ್ಸೆಯನ್ನೇ ತಡೆದದ್ದು ಹೌದು. ಆದರೆ ಕೊನೆಯ ವಾರಗಳಲ್ಲಿ ರೋಗವೂ ಹಸಿವನ್ನು ಕೊಂದಿತ್ತು. ಅಪ್ಪ ಅಮ್ಮನಿ‌ಗೆ ಆಗಸ್ಟ್ 16ರವರೆಗೂ ಕಾಗದ ಬರೆದಳು. ನ್ಯೂಯಾರ್ಕಿನಲ್ಲಿದ್ದ ಅವರು ಗಾಬರಿಯಾಗಬಾರದೆಂದು ಕಾಯಿಲೆಯ ಸುದ್ದಿಯನ್ನೇ ಎತ್ತದೆ, ಲಂಡನ್ನಿನ ವಸಂತ, ಷೇಕ್ಸ್‌ಪಿಯರನ ವಿದೂಷಕರು, ಅಣ್ಣನ ಎಳೆಮಗಳು, ಇವೇ ಸಂಗತಿಗಳನ್ನು ತುಂಬಿದ ಪತ್ರಗಳು ಅವು. ಸ್ಥಿಮಿತ ತಪ್ಪಿದವಳ ಬರಹವಲ್ಲ. ತೀರ್ಪಿನ ಪಕ್ಕದಲ್ಲಿಟ್ಟು ಓದಬೇಕಾದ ಸಾಕ್ಷ್ಯ ಅದೇ, ಪುಸ್ತಕವಾಗಿ ಸಿಗುತ್ತದೆ. ಮರಳುವ ರೈಲಿನಲ್ಲಿ ಓದಲು ನಾವು ಹೇಳುವುದು ಆ ಪತ್ರಗಳನ್ನೇ.